ಕಂಚಿನ ಬಿಲ್ಲು

ಮಕ್ಕಳಿಗೆ ದೇವರ ನ್ಯಾಯವನ್ನು ತಿಳಿಸುವುದು ಸುಲಭ. ತಪ್ಪು ಮಾಡಿದವನಿಗೆ ಶಿಕ್ಷೆ ಎಂದರೆ ಮುಗಿಯಿತು. ಕರುಣೆಯ ಪಾಠವೇ ಕಷ್ಟ. ನನ್ನ ಶಿಷ್ಯರಲ್ಲಿ ಶಿಕ್ಷಕವೃತ್ತಿ ಹಿಡಿದವರು ಇದನ್ನು ಬಲ್ಲರು. ಈ ಕಷ್ಟವನ್ನು ಬೈಬಲ್ ಕಾಲದ ಕಥೆಯಾಗಿಸಿದವರಲ್ಲಿ ನಾನು ಬಹಳ ಮೆಚ್ಚಿದವರು ಅಮೆರಿಕದ ಎಲಿಜಬೆತ್ ಜಾರ್ಜ್ ಸ್ಪಿಯರ್ (1908–1994). ಆಕೆಯೂ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವರೇ. 1961ರಲ್ಲಿ ಪ್ರಕಟವಾದ ಅವರ ‘ದ ಬ್ರಾಂಜ್ ಬೋ’ ಎಂಬ ಕಾದಂಬರಿಗೆ ಮರುವರ್ಷ ನ್ಯೂಬೆರಿ ಪದಕ ದೊರೆಯಿತು. ಕಂಚಿನ ಬಿಲ್ಲು ಎಂಬ ಹೆಸರು ದಾವೀದನ ಕೀರ್ತನೆಯಿಂದ ಬಂದದ್ದು.

ಕಥಾನಾಯಕ ಗಲಿಲಾಯದ ಯೆಹೂದಿ ತರುಣ ದಾನಿಯೇಲ. ಅವನ ತಂದೆಯನ್ನು ರೋಮನ್ನರು ಶಿಲುಬೆಗೇರಿಸಿದ್ದರು. ಇಂಥದು ಬರಿಯ ಕಲ್ಪನೆಯಲ್ಲ. ಕ್ರಿ.ಪೂ. 4ರಲ್ಲಿ ಹೆರೋದನು ಸತ್ತ ಬಳಿಕ ಎದ್ದ ದಂಗೆಯನ್ನು ಅಡಗಿಸಿದ ವಾರುಸನು ಸುಮಾರು 2000 ಮಂದಿಯನ್ನು ಶಿಲುಬೆಗೇರಿಸಿದನೆಂದು ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಹಾಗಾಗಿ ದಾನಿಯೇಲನ ಸಿಟ್ಟು ನ್ಯಾಯವಾದ ಸಿಟ್ಟು. ಲೇಖಕಿ ಅದನ್ನು ಹಗುರವಾಗಿ ಕಾಣುವುದಿಲ್ಲ. ನೀತಿಕಥೆ ಬರೆಯುವವರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ.

ಅವನು ಬೆಟ್ಟದ ದರೋಡೆಕೋರರನ್ನು ಸೇರುತ್ತಾನೆ. ಯೇಸುವಿನ ಮಾತು ಕೇಳಿದರೂ ಒಪ್ಪಲಾರ. ಅಂಜಿಕೆಯಿಂದ ಹೊಸ್ತಿಲು ದಾಟದಿದ್ದ ತಂಗಿ ಲೇಯಾ ರೋಮನ್ ಸೈನಿಕನೊಬ್ಬನೊಡನೆ ಮಾತಾಡಿದಳೆಂದು ತಿಳಿದಾಗ ಅವಳ ಮೇಲೆಯೇ ಕೆಂಡವಾಗುತ್ತಾನೆ. ಚೇತರಿಸಿಕೊಳ್ಳುತ್ತಿದ್ದ ಹುಡುಗಿ ಮತ್ತೆ ಮೂಲೆ ಸೇರುತ್ತಾಳೆ. ಶತ್ರುವಿಗೆಂದು ಇಟ್ಟ ಬೆಂಕಿ ಮನೆಯನ್ನೇ ಸುಟ್ಟಿತು. ಕೊನೆಗೆ ಯೇಸು ಅವಳನ್ನು ಗುಣಪಡಿಸಿದಾಗ, ಹೊರಗೆ ನಿಂತಿದ್ದ ಆ ಸೈನಿಕನನ್ನು ದಾನಿಯೇಲ ತಾನೇ ಒಳಗೆ ಕರೆಯುತ್ತಾನೆ. ರೋಮಿನ ಸುಂಕ ಇಳಿಯಲಿಲ್ಲ, ಸೈನ್ಯ ತೊಲಗಲಿಲ್ಲ. ಯೇಸುವಿನ ಶಿಲುಬೆಯೂ ಇದರಲ್ಲಿ ಬರುವುದಿಲ್ಲ. ಅದಕ್ಕೆ ಮೊದಲೇ ಕಥೆ ಮುಗಿಯುತ್ತದೆ.