ಗಣಕಯಂತ್ರದ ವೇಳೆಯನ್ನು ಅಂತರಜಾಲದಿಂದ ಹೊಂದಿಸುವ ವಿಧಾನ

ಮಳೆಮಾಪನದ ಅಂಕಿಅಂಶಗಳನ್ನು ದಾಖಲಿಸುವ ಗಣಕಯಂತ್ರದ ಗಡಿಯಾರ ನಿಖರವಾಗಿರಬೇಕು. ದೈನಿಕ ಮಳೆಯನ್ನು ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರವರೆಗೆ ಲೆಕ್ಕ ಹಾಕುವುದರಿಂದ, ವೇಳೆ ತಪ್ಪಿದರೆ ಒಂದು ದಿನದ ಮಳೆ ಇನ್ನೊಂದು ದಿನದ ಲೆಕ್ಕಕ್ಕೆ ಸೇರುತ್ತದೆ. ದಿನಾಂಕ ಬಹಳ ಹಿಂದುಳಿದಿದ್ದರೆ ಸುರಕ್ಷಿತ ಜಾಲತಾಣಗಳೂ ತೆರೆಯುವುದಿಲ್ಲ.

ವಿಂಡೋಸ್ 10 ಮತ್ತು 11ರಲ್ಲಿ ಅನುಸರಿಸಬೇಕಾದ ಕ್ರಮಗಳು:

1. ಅಂತರಜಾಲ ಸಂಪರ್ಕವಿರುವಾಗ ಸೆಟ್ಟಿಂಗ್ಸ್‌ನಲ್ಲಿ ‘ಟೈಮ್ ಅಂಡ್ ಲ್ಯಾಂಗ್ವೇಜ್’, ಬಳಿಕ ‘ಡೇಟ್ ಅಂಡ್ ಟೈಮ್’ ತೆರೆಯಬೇಕು.
2. ಸಮಯ ವಲಯವನ್ನು ಯುಟಿಸಿ +05:30 ಎಂದು ಆಯ್ಕೆ ಮಾಡಬೇಕು.
3. ‘ಸೆಟ್ ಟೈಮ್ ಆಟೊಮ್ಯಾಟಿಕಲಿ’ ಆನ್ ಮಾಡಿ, ‘ಸಿಂಕ್ ನೌ’ ಒತ್ತಬೇಕು. ಆಗ ಸಮಯ ಸರ್ವರ್‌ನಿಂದ ಸರಿಯಾದ ವೇಳೆ ದೊರೆಯುತ್ತದೆ.

ಗಣಕಯಂತ್ರವನ್ನು ಆರಿಸಿದಾಗಲೆಲ್ಲ ವೇಳೆ ತಪ್ಪುತ್ತಿದ್ದಲ್ಲಿ ಮದರ್‌ಬೋರ್ಡ್‌ನಲ್ಲಿರುವ ಬಿಲ್ಲೆಯಾಕಾರದ ಬ್ಯಾಟರಿಯನ್ನು ಬದಲಾಯಿಸಬೇಕು.

ಸೂಚನೆ: ವೇಳೆ ಹೊಂದಿಸಿದ ಮಾತ್ರಕ್ಕೆ ಹಳೆಯ ದಾಖಲೆಗಳು ಸರಿಯಾಗುವುದಿಲ್ಲ, ಅವುಗಳನ್ನು ಪ್ರತ್ಯೇಕವಾಗಿ ಪರಿಶೀಲಿಸಿ ತಿದ್ದಬೇಕು.