ಒಂದು ಮಾತ್ರೆ, ಒಂದು ಪೇಟೆಂಟು, ಒಂದು ಕುರ್ಚಿ

ನಮ್ಮ ಚಿಕ್ಕಪ್ಪ ದಿನಾ ಊಟ ಆದ್ಮೇಲೆ ಇಮ್ಯಾಟಿನಿಬ್ ಅನ್ನೋ ಮಾತ್ರೆ ನುಂಗ್ತಾರೆ. ರಕ್ತದ ಕ್ಯಾನ್ಸರಿಗೆ. ಈ ಮಾತ್ರೆಯ ಹಿಂದೆ 15 ವರ್ಷದ ಜಗಳದ ಕಥೆಯಿದೆ. ಬೆಲೆಯ ವಿಷಯ ನಿಮಗೂ ಗೊತ್ತಿರಬಹುದು. ನನ್ನನ್ನು ಕಾಡಿದ್ದು ಮಾತ್ರ ಅದರೊಳಗಿನ ಒಂದು ಕುರ್ಚಿಯ ಪ್ರಸಂಗ.

1998ರಲ್ಲಿ ನೊವಾರ್ಟಿಸ್ ಕಂಪನಿ ಚೆನ್ನೈನ ಪೇಟೆಂಟ್ ಕಚೇರಿಗೆ ಅರ್ಜಿ ಹಾಕಿತು. ಆಗ ನಮ್ಮ ಕಾನೂನಿನಲ್ಲಿ ಔಷಧಕ್ಕೇ ಪೇಟೆಂಟ್ ಸಿಗುತ್ತಿರಲಿಲ್ಲ. 2005ರಲ್ಲಿ ದಾರಿ ತೆರೆಯಿತು, ಜೊತೆಗೇ 3(ಡಿ) ಕಲಮೂ ಬಿಗಿಯಾಯಿತು: ಗೊತ್ತಿರುವ ವಸ್ತುವಿನ ಹೊಸ ರೂಪ ಮೊದಲಿನದಕ್ಕಿಂತ ಹೆಚ್ಚು ಪರಿಣಾಮ ಕೊಡದಿದ್ದರೆ ಪೇಟೆಂಟ್ ಇಲ್ಲ. ಕಂಪನಿಯ ಮಾತ್ರೆಗೆ ತಿಂಗಳಿಗೆ ಸುಮಾರು 1,20,000 ರೂಪಾಯಿ, ಇಲ್ಲಿನ ಕಂಪನಿಗಳದ್ದು 8ರಿಂದ 10 ಸಾವಿರ. ರೋಗಿಗಳ ಸಂಘವೂ ಇಲ್ಲಿನ ಕಂಪನಿಗಳೂ ತಕರಾರು ಹಾಕಿದವು. 2006ರ ಜನವರಿಯಲ್ಲಿ ಅರ್ಜಿ ತಿರಸ್ಕೃತವಾಯಿತು.

ಕಂಪನಿ ಮದ್ರಾಸ್ ಹೈಕೋರ್ಟಿಗೆ ಹೋಯಿತು. 2007ರಲ್ಲಿ ಪೇಟೆಂಟ್ ಮೇಲ್ಮನವಿಗಳೆಲ್ಲ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿಗೆ ವರ್ಗವಾದವು. ಅಲ್ಲಿ ತಾಂತ್ರಿಕ ಸದಸ್ಯರ ಕುರ್ಚಿಯಲ್ಲಿ ಕೂತಿದ್ದವರು ಯಾರು ಗೊತ್ತೇ? ಇದೇ ಕೇಸಿನಲ್ಲಿ ಕಚೇರಿಯ ಪರವಾಗಿ ಹೈಕೋರ್ಟಿಗೆ ಅಫಿಡವಿಟ್ ಕೊಟ್ಟಿದ್ದ ಮಾಜಿ ಪೇಟೆಂಟ್ ಮುಖ್ಯಸ್ಥರು!

ಕಂಪನಿ ಆಕ್ಷೇಪಿಸಿತು. ಅವರಿಲ್ಲದೆ ವಿಚಾರಣೆ ನಡೆಯಲಿ ಅಂದಿತು ಹೈಕೋರ್ಟು. ತಾಂತ್ರಿಕ ಸದಸ್ಯರೇ ಇಲ್ಲದೆ ಹೇಗೆ ಅಂತ ಎದುರಾಳಿಗಳು ಸುಪ್ರೀಂ ಕೋರ್ಟಿಗೆ ಹೋದರು. ಕೊನೆಗೆ ಬೇರೆಯವರು ಬಂದು ಕೂತರು.

ಇದನ್ನು ಮೊದಲು ಓದಿದಾಗ, ‘ದುಡ್ಡಿದ್ದವರ ಕುಂಟು ನೆಪ’ ಅಂತ ನನಗೆ ಸಿಟ್ಟು ಬಂದಿತ್ತು. ಈಗ ಹಾಗನ್ನಿಸೋದಿಲ್ಲ. ಜಗಳದ ಒಂದು ಕಡೆಯವರೇ ಪಂಚಾಯ್ತಿಗೆ ಕೂತರೆ ಸರಿಯಾದ ತೀರ್ಪಿಗೂ ಮಸಿ ಹತ್ತುತ್ತೆ ಅಲ್ವಾ?

2009ರ ಜೂನಿನಲ್ಲಿ ಮಂಡಳಿ, ಹೊಸತನ ಇದೆ, ಆದರೆ 3(ಡಿ) ದಾಟಿಲ್ಲ ಅಂದಿತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಗಿ, ಇದು ಹೊಸ ಆವಿಷ್ಕಾರವೇ ಅಲ್ಲ ಅಂದಿತು. ಔಷಧದಲ್ಲಿ ‘ಪರಿಣಾಮ’ ಅಂದರೆ ರೋಗ ವಾಸಿಮಾಡುವ ಗುಣ, ದೇಹ ಹೆಚ್ಚು ಹೀರಿಕೊಳ್ಳುತ್ತೆ ಅಂದರಷ್ಟೇ ಸಾಲದು ಅಂತಲೂ ಹೇಳಿತು. ಕುರ್ಚಿ ಬದಲಾದರೂ ಫಲ ಬದಲಾಗಲಿಲ್ಲ. ಅದಕ್ಕೇ ಆ ತೀರ್ಪಿಗೆ ತೂಕ.

2021ರಲ್ಲಿ ಆ ಮಂಡಳಿಯನ್ನೇ ರದ್ದು ಮಾಡಿ ಮೇಲ್ಮನವಿಗಳನ್ನು ಮತ್ತೆ ಹೈಕೋರ್ಟುಗಳಿಗೆ ಕೊಟ್ಟರು. ರಸಾಯನಶಾಸ್ತ್ರ ಬಲ್ಲವರು ಬೇಕೋ, ಕಚೇರಿಯ ಹಂಗಿಲ್ಲದವರು ಬೇಕೋ? ಚಿಕ್ಕಪ್ಪನ ಮಾತ್ರೆ ಡಬ್ಬಿ ನೋಡಿದಾಗೆಲ್ಲ ಎರಡೂ ಬೇಕು ಅನ್ನಿಸುತ್ತೆ. ನೀವೇನಂತೀರಿ?