ಜಪಾನ್ ಬಾಗಿಲು ಹಾಕಿತ್ತಾ, ಕಾವಲು ಇಟ್ಟಿತ್ತಾ?

ಜಪಾನ್ ಇನ್ನೂರು ವರ್ಷ ಬಾಗಿಲು ಹಾಕ್ಕೊಂಡು ಕೂತಿತ್ತು ಅಂತ ನಾನೂ ನಂಬಿದ್ದೆ. ನಿಜ ಏನಂದ್ರೆ, ಬಾಗಿಲು ತೆರೆದೇ ಇತ್ತು. ಕೀಲಿಕೈ ಮಾತ್ರ ಶೋಗನ್ ಹತ್ರ ಇತ್ತು.

1603ರಲ್ಲಿ ತೊಕುಗಾವ ಇಯೆಯಾಸು ಶೋಗನ್ ಆದಾಗ, ನೂರು ವರ್ಷಕ್ಕೂ ಮೀರಿದ ಒಳಜಗಳ ಆಗಷ್ಟೇ ಮುಗಿದಿತ್ತು. ಕ್ಯೂಶು ದ್ವೀಪದ ಪಾಳೆಯಗಾರರು ಪೋರ್ಚುಗೀಸ್ ಹಡಗುಗಳ ವ್ಯಾಪಾರದಿಂದ ದುಡ್ಡು ಮಾಡ್ಕೊಂಡಿದ್ರು, ಕೆಲವರು ಕ್ರೈಸ್ತರೂ ಆಗಿದ್ರು. ನಾಳೆ ಇವರು ಯಾರ ಮಾತು ಕೇಳ್ತಾರೆ, ನಮ್ಮದಾ, ಪಾದ್ರಿಯದಾ? ಶೋಗನ್‌ರ ಭಯ ಇದೇ. 1637ರಲ್ಲಿ ಶಿಮಬಾರದ ರೈತರು, ಹೆಚ್ಚಿನವರು ಕ್ರೈಸ್ತರು, ತೆರಿಗೆ ತಾಳಲಾರದೆ ದಂಗೆ ಎದ್ದಾಗ ಆ ಭಯ ಗಟ್ಟಿಯಾಯ್ತು. 1639ರಲ್ಲಿ ಪೋರ್ಚುಗೀಸರನ್ನು ಹೊರಗೆ ಹಾಕಿದ್ರು.

ವ್ಯಾಪಾರ ಮಾತ್ರ ನಿಲ್ಲಲಿಲ್ಲ. ಧರ್ಮದ ಗೋಜಿಗೆ ಹೋಗದ ಡಚ್ಚರಿಗೆ 1641ರಿಂದ ನಾಗಸಾಕಿಯ ದೆಜಿಮ ಅನ್ನೋ ಪುಟ್ಟ ಕೃತಕ ದ್ವೀಪ. ಅದೇ ಊರಲ್ಲಿ ಚೀನೀಯರು. ತ್ಸುಶಿಮಾ ಮೂಲಕ ಕೊರಿಯಾ, ಸತ್ಸುಮಾ ಮೂಲಕ ರ್ಯೂಕ್ಯೂ, ಮತ್ಸುಮಾಯೆ ಮೂಲಕ ಐನು ಜನ.

ಚೀನಾದ ಲೆಕ್ಕವೂ ಹತ್ತಿರದ್ದೇ. ತೈವಾನಿನಲ್ಲಿದ್ದ ಶತ್ರುಗಳಿಗೆ ಸರಕು ಸಿಗಬಾರದು ಅಂತ 1661ರಿಂದ ಛಿಂಗ್ ಆಡಳಿತ ಆಗ್ನೇಯ ಕರಾವಳಿಯ ಊರುಗಳನ್ನೇ ಖಾಲಿ ಮಾಡಿಸಿತು. 1683ರಲ್ಲಿ ತೈವಾನ್ ಗೆದ್ದ ಮರುವರ್ಷವೇ ಸಮುದ್ರ ವ್ಯಾಪಾರ ತೆರೆಯಿತು.

ಆದರೆ ಈ ಕಾವಲಿನ ಬೆಲೆ ತೆತ್ತವರು ಯಾರು? 1635ರ ಆಜ್ಞೆಯ ಪ್ರಕಾರ ಹೊರದೇಶದಲ್ಲಿದ್ದ ಜಪಾನೀಯರು ವಾಪಸ್ ಬಂದ್ರೆ ಮರಣದಂಡನೆ. ಸಿಯಾಮಿನ ಆಯುತ್ತಯ, ವಿಯೆಟ್ನಾಮಿನ ಹೋಯಿ ಆನ್‌ನಲ್ಲಿ ದುಡಿಯೋಕೆ ಹೋದವರು ಅಲ್ಲೇ ಉಳಿದುಹೋದ್ರು. ಹಬ್ಬಕ್ಕೆ ಊರಿಗೆ ಟಿಕೆಟ್ ಸಿಗಲಿಲ್ಲ ಅಂತ ಗೊಣಗೋ ನಾವು, ಅವರನ್ನ ಒಮ್ಮೆ ನೆನಪಿಸಿಕೊಳ್ಳೋಣ.